ಪಿಸ್ತೂಲ್ ಪೀಟ್‌ನ 3,667 ಪಾಯಿಂಟ್: ದಾಖಲೆ ಮುರಿಯಿತಾ, ಇಲ್ಲವಾ?

ಬೇಸ್‌ಲೈನ್_ಭಟ್ಟ

ನಿನ್ನೆ ರಾತ್ರಿ ತಮ್ಮನಿಗೂ ನನಗೂ ದೊಡ್ಡ ಜಗಳ. ಆಸ್ತಿ ವಿಷಯ ಅಲ್ಲ, ಬ್ಯಾಸ್ಕೆಟ್‌ಬಾಲ್. ಅಮೆರಿಕದ ಕಾಲೇಜು ಆಟದಲ್ಲಿ ಪೀಟ್ ಮ್ಯಾರವಿಚ್ ಕತೆ ಮುಗಿಯಿತು ಅಂತಾನೆ ಅವನು. 2024ರ ಮಾರ್ಚ್ 3ರಂದು ಐಯೋವಾದ ಕೇಟ್ಲಿನ್ ಕ್ಲಾರ್ಕ್ ಪೀಟ್‌ನ 3,667 ಪಾಯಿಂಟ್ ದಾಟಿದಳು. ಕಾಲೇಜು ಮುಗಿಸುವ ಹೊತ್ತಿಗೆ 3,951 ಆಗಿತ್ತು. ಜಾಸ್ತಿ ಹೊಡೆದವರ ಹೆಸರು ಮೇಲೆ, ಅಷ್ಟೇ ಅಂತ ಅವನ ವಾದ.

ನನಗೆ ತಲೆ ಬಿಸಿಯಾಗಿದ್ದು ಆ "ಅಷ್ಟೇ"ಗೆ. ಪೀಟ್ 3,667 ಹೊಡೆದದ್ದು ಬರೀ 83 ಪಂದ್ಯಗಳಲ್ಲಿ. ಪಂದ್ಯಕ್ಕೆ 44.2. ಅದೂ ಮೂರೇ ವರ್ಷದಲ್ಲಿ, ಯಾಕೆಂದರೆ ಆಗ ಮೊದಲ ವರ್ಷದ ಹುಡುಗರನ್ನು ಕಾಲೇಜಿನ ಮುಖ್ಯ ತಂಡಕ್ಕೆ ಸೇರಿಸುತ್ತಿರಲಿಲ್ಲ. ದೂರದಿಂದ ಹಾಕಿದ ಚೆಂಡಿಗೆ ಎರಡರ ಬದಲು ಮೂರು ಪಾಯಿಂಟ್ ಕೊಡುವ ಗೆರೆಯೂ ಇರಲಿಲ್ಲ. ಅದು ಕಾಲೇಜು ಆಟಕ್ಕೆ ಬಂದದ್ದು 1986ರಲ್ಲಿ. ಅಷ್ಟು ಹೊತ್ತಿಗೆ ಪೀಟ್ ಆಟ ಬಿಟ್ಟು ಆರು ವರ್ಷ ಆಗಿತ್ತು.

ಸೋತವನು ಒಂದು ತಿಂಗಳು ಇನ್ನೊಬ್ಬನ ಸ್ಕೂಟರ್ ತೊಳೆಯಬೇಕು ಅಂತ ಮಾತಾಗಿದೆ. ತೀರ್ಪು ಕೊಡೋದು ನೀವು. ದಯವಿಟ್ಟು ನ್ಯಾಯವಾಗಿ ನನ್ನ ಪರ ಹೇಳಿ.

ಪಾಯಿಂಟ್‌ಗಾರ್ಡ್_ಪದ್ಮ

ಭಟ್ಟರೇ, ಬಕೆಟ್ ರೆಡಿ ಮಾಡಿಕೊಳ್ಳಿ. ನಾನು ತಮ್ಮನ ಪರ.

ಕಾಲೇಜು ಆಟದ ಅತಿ ಮೇಲಿನ ದರ್ಜೆಯ ಗಂಡಸರ ಪಟ್ಟಿಯಲ್ಲಿ ಪೀಟ್ ಇವತ್ತಿಗೂ ಮೊದಲನೆಯವನು. ಅದನ್ನು ಯಾರೂ ಕಿತ್ತುಕೊಂಡಿಲ್ಲ. ಗಂಡಸರು, ಹೆಂಗಸರು ಎರಡೂ ಸೇರಿಸಿದರೆ ಕ್ಲಾರ್ಕ್ ಮೇಲೆ. ಎರಡೂ ನಿಜ. ಇದರಲ್ಲಿ ಜಗಳ ಎಲ್ಲಿದೆ?

ನನಗೆ ಬೇಜಾರು ಆಗೋದು ಬೇರೆ ಕಡೆ. ಕ್ಲಾರ್ಕ್ ವಿಷಯ ಬಂದ ಕೂಡಲೇ "ಪೀಟ್ ಕಾಲದಲ್ಲಿ ಮೂರು ಪಾಯಿಂಟ್ ಇರಲಿಲ್ಲ" ಅಂತ ಎಲ್ಲರೂ ಎದ್ದು ನಿಲ್ಲುತ್ತಾರೆ. ಸರಿ. ಹಾಗಾದರೆ ಲಿನೆಟ್ ವುಡಾರ್ಡ್ ಹೆಸರು ಯಾಕೆ ಯಾರ ಬಾಯಲ್ಲೂ ಬರುವುದಿಲ್ಲ? ಕ್ಯಾನ್ಸಸ್ ಯೂನಿವರ್ಸಿಟಿ, 1977ರಿಂದ 1981, 3,649 ಪಾಯಿಂಟ್. ಅವಳಿಗೂ ಆ ಗೆರೆ ಇರಲಿಲ್ಲ. ಚೆಂಡು ಕೂಡ ಗಂಡಸರ ಅಳತೆಯದ್ದೇ. ಹೆಂಗಸರಿಗೆ ಸ್ವಲ್ಪ ಸಣ್ಣ ಚೆಂಡು ಬಂದದ್ದು ಆಮೇಲೆ. ಆಗ ಹೆಂಗಸರ ಆಟವನ್ನು ಬೇರೆ ಸಂಸ್ಥೆ ನಡೆಸುತ್ತಿತ್ತು ಅನ್ನೋ ಒಂದೇ ಕಾರಣಕ್ಕೆ ಅವಳ ಲೆಕ್ಕ ಅಧಿಕೃತ ಪುಸ್ತಕಕ್ಕೆ ಸೇರಲಿಲ್ಲ. 1984ರ ಒಲಿಂಪಿಕ್ಸ್ ಚಿನ್ನ ಗೆದ್ದ ತಂಡದ ನಾಯಕಿ ಅವಳು. ಪೀಟ್‌ಗಾಗಿ ಕಣ್ಣೀರು ಹಾಕೋರು ಅವಳಿಗೂ ಎರಡು ಹನಿ ಉಳಿಸಿಕೊಳ್ಳಿ.

ಮೂರನೇ_ಗೆರೆ

ಸುಮ್ನೆ ಒಂದು ಲೆಕ್ಕ ಹಾಕಿದೆ. ಕ್ಲಾರ್ಕ್ ಕಾಲೇಜಿನಲ್ಲಿ 548 ಮೂರು ಪಾಯಿಂಟ್ ಹಾಕಿದ್ದಾಳೆ. ಪ್ರತಿಯೊಂದನ್ನೂ ಎರಡು ಅಂತ ಎಣಿಸಿದರೆ ಅವಳ ಮೊತ್ತ 3,403. ಆಡಿದ್ದು 139 ಪಂದ್ಯ.

ಇನ್ನೊಬ್ಬ ಇದ್ದಾನೆ, ಡೆಟ್ರಾಯಿಟ್ ಮರ್ಸಿಯ ಆಂಟ್ವಾನ್ ಡೇವಿಸ್. 2023ರಲ್ಲಿ 3,664ಕ್ಕೆ ನಿಂತ. ಪೀಟ್‌ಗಿಂತ ಮೂರೇ ಮೂರು ಕಮ್ಮಿ! ದೂರದಿಂದ ಇನ್ನೊಂದು ಚೆಂಡು ಬಿದ್ದಿದ್ದರೆ ಸಮ. ಕೋವಿಡ್ ಕಾರಣಕ್ಕೆ ಎಲ್ಲರಿಗೂ ಒಂದು ವರ್ಷ ಜಾಸ್ತಿ ಸಿಕ್ಕಿತ್ತು, ಹಾಗಾಗಿ ಅವನು ಆಡಿದ್ದು ಐದು ವರ್ಷ, 144 ಪಂದ್ಯ. ಅದರಲ್ಲಿ 588 ಮೂರು ಪಾಯಿಂಟ್. ಗೆರೆ ಅಳಿಸಿದರೆ ಅವನದ್ದು 3,076.

ಇಲ್ಲಿಗೆ ಭಟ್ಟರು ಖುಷಿ. ಆದರೆ ಪೂರ್ತಿ ಓದಿ. ಪೀಟ್ ಆ 83 ಪಂದ್ಯಗಳಲ್ಲಿ ಎಸೆದದ್ದು 3,166 ಸಲ. ಪಂದ್ಯಕ್ಕೆ 38! ಬಿದ್ದದ್ದು 1,387. ಅಂದರೆ 1,779 ಸಲ ಚೆಂಡು ಹೊರಗೆ ಹೋಗಿದೆ. ನನ್ನ ಕೈಗೆ ಪಂದ್ಯಕ್ಕೆ 38 ಸಲ ಚೆಂಡು ಕೊಟ್ಟು, ಕೋಚ್ ಕುರ್ಚಿಯಲ್ಲಿ ನನ್ನ ಅಪ್ಪನನ್ನೇ ಕೂರಿಸಿ. ಆಮೇಲೆ ದಾಖಲೆ ಬಗ್ಗೆ ಮಾತಾಡೋಣ.

ಸುಮ್ನೆ_ಓದ್ತೀನಿ

ಕ್ಷಮಿಸಿ, ನನಗೆ ಈಗಿನ ಆಟಗಾರ ಸ್ಟೆಫ್ ಕರಿಗಿಂತ ಹಿಂದಿನವರು ಯಾರೂ ಸರಿಯಾಗಿ ಗೊತ್ತಿಲ್ಲ. ಅಪ್ಪನೇ ಕೋಚಾ? ಪಿಸ್ತೂಲ್ ಅಂತ ಯಾಕೆ? ಯಾರಾದರೂ ಮೊದಲಿಂದ ಹೇಳಿ.

ನಿವೃತ್ತ_ರೆಫ್ರಿ

ಹೇಳುತ್ತೇನೆ, ಕೂತುಕೋ.

ಪೀಟ್ ಹುಟ್ಟಿದ್ದು 1947ರಲ್ಲಿ, ಪೆನ್ಸಿಲ್ವೇನಿಯಾದ ಅಲಿಕ್ವಿಪಾ ಎಂಬ ಉಕ್ಕಿನ ಕಾರ್ಖಾನೆ ಊರಿನಲ್ಲಿ. ಸರ್ಬಿಯಾದಿಂದ ವಲಸೆ ಬಂದ ಮನೆತನ. ಅಪ್ಪನನ್ನು ಎಲ್ಲರೂ ಕರೆಯುತ್ತಿದ್ದದ್ದು ಪ್ರೆಸ್ ಮ್ಯಾರವಿಚ್ ಅಂತ. ವೃತ್ತಿಪರ ಬ್ಯಾಸ್ಕೆಟ್‌ಬಾಲ್‌ನಲ್ಲಿ ಸ್ವಲ್ಪ ಕಾಲ ಆಡಿದರು. ಆಗ ಆ ಆಟದಲ್ಲಿ ಕಾಸಿರಲಿಲ್ಲ. ಆಮೇಲೆ ಕೋಚ್ ಆದರು. ಕ್ಲೆಮ್ಸನ್, ನಾರ್ತ್ ಕ್ಯಾರೊಲಿನಾ ಸ್ಟೇಟ್, ಅದಾದ ಮೇಲೆ ಬ್ಯಾಟನ್ ರೂಜ್‌ನ ಲೂಯಿಸಿಯಾನಾ ಸ್ಟೇಟ್ ಯೂನಿವರ್ಸಿಟಿ.

ತಾನು ಆಗದ್ದನ್ನು ಮಗ ಆಗಬೇಕು ಎಂಬ ಹಟ ಅವರದ್ದು. ಮಗನಿಗಾಗಿ ಅಭ್ಯಾಸಗಳನ್ನೇ ಹೊಸದಾಗಿ ಕಟ್ಟಿದರು, ಒಂದೊಂದಕ್ಕೂ ಹೆಸರಿಟ್ಟರು. "ರಿಕೊಶೆ" ಅಂತ ಒಂದಿದೆ. ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು, ಕಾಲುಗಳ ನಡುವೆ ನೆಲಕ್ಕೆ ಬಡಿದು, ಬೆನ್ನ ಹಿಂದೆ ಹಿಡಿಯಬೇಕು. ಮನೆಯೊಳಗೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಡ್ರಿಬಲ್, ಅಂದರೆ ಚೆಂಡು ಪುಟಿಸುವುದು. ಸಿನಿಮಾ ಥಿಯೇಟರ್‌ನಲ್ಲಿ ದಾರಿ ಪಕ್ಕದ ಸೀಟು ಹಿಡಿದು ಸಿನಿಮಾ ಮುಗಿಯುವವರೆಗೆ ಡ್ರಿಬಲ್. ಸೈಕಲ್ ಮೇಲೆ ಡ್ರಿಬಲ್. ಅಪ್ಪ ಕಾರು ಓಡಿಸುತ್ತಿದ್ದರೆ, ಮಗ ಕಾರಿನಿಂದ ಹೊರಗೆ ಬಾಗಿ ರಸ್ತೆಯ ಮೇಲೆ ಡ್ರಿಬಲ್. ಅಪ್ಪ ವೇಗ ಹೆಚ್ಚು ಕಮ್ಮಿ ಮಾಡುತ್ತಾ ಹೋಗುತ್ತಿದ್ದರು.

ಪಿಸ್ತೂಲ್ ಅನ್ನೋ ಹೆಸರು ಹುಡುಗಾಟದ ವಯಸ್ಸಿನದು. ಆಗ ಕೈಯಲ್ಲಿ ಬಲ ಇರಲಿಲ್ಲ. ಸೊಂಟದ ಪಕ್ಕದಿಂದ ಚೆಂಡು ಎತ್ತಿ ಎಸೆಯುತ್ತಿದ್ದ, ಸೊಂಟದ ಚೀಲದಿಂದ ಪಿಸ್ತೂಲು ಎಳೆದ ಹಾಗೆ. ಬಲ ಬಂತು, ಎಸೆತ ಬದಲಾಯಿತು, ಹೆಸರು ಉಳಿಯಿತು.

ಅವನಿಗೆ ಕಾಲೇಜಿಗೆ ಹೋಗಬೇಕು ಅಂತಿದ್ದದ್ದು ವೆಸ್ಟ್ ವರ್ಜೀನಿಯಾಕ್ಕೆ. ಅಷ್ಟರಲ್ಲಿ ಅಪ್ಪನಿಗೆ ಲೂಯಿಸಿಯಾನಾದಲ್ಲಿ ಕೆಲಸ ಸಿಕ್ಕಿತು. ನನ್ನ ತಂಡಕ್ಕೆ ಬರದಿದ್ದರೆ ಮನೆಗೂ ಬರಬೇಡ ಅಂದರಂತೆ. ಹುಡುಗ ಹೋದ.

ಮೊದಲ ವರ್ಷ ಹೊಸಬರ ತಂಡದಲ್ಲಿ ಪಂದ್ಯಕ್ಕೆ 43ರ ಮೇಲೆ. ಅದು ಲೆಕ್ಕಕ್ಕಿಲ್ಲ. ಆಮೇಲಿನ ಮೂರು ವರ್ಷ 43.8, 44.2, 44.5. ಮೂರು ವರ್ಷವೂ ದೇಶಕ್ಕೇ ಮೊದಲು. 1970ರ ಜನವರಿ 31ರಂದು ಆಸ್ಕರ್ ರಾಬರ್ಟ್‌ಸನ್‌ನ 2,973 ಪಾಯಿಂಟ್‌ಗಳ ಕಾಲೇಜು ದಾಖಲೆ ಹೋಯಿತು. ಕುತ್ತಿಗೆ ಮುಚ್ಚುವ ಕೂದಲು, ಪಾದದ ಮೇಲೆ ಜೋತು ಬಿದ್ದ ಬೂದು ಬಣ್ಣದ ಸಾಕ್ಸ್. ಮೈದಾನಕ್ಕೆ ಇಳಿದರೆ ಎದುರಾಳಿ ಊರಿನವರೂ ಎದ್ದು ನಿಂತು ನೋಡುತ್ತಿದ್ದರು.

ದಾವಣಗೆರೆ_ಡ್ರಿಬಲ್

ಅಪ್ಪನೇ ಕೋಚ್ ಆದರೆ ಏನಾಗುತ್ತದೆ ಅಂತ ನನ್ನನ್ನು ಕೇಳಿ.

ನಮ್ಮಪ್ಪ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರು. ಬೆಳಿಗ್ಗೆ ಐದಕ್ಕೆ ಎಬ್ಬಿಸುತ್ತಿದ್ದರು. ಮಣ್ಣಿನ ಅಂಗಳ, ಒಂದೇ ರಿಂಗು, ಬಲೆ ಇಲ್ಲ. ಎಡಗೈಯಲ್ಲಿ 200 ಲೇ-ಅಪ್ (ರಿಂಗಿನ ಹತ್ತಿರಕ್ಕೆ ಓಡಿ ಹಾಕುವ ಎಸೆತ) ಹಾಕಿ ಮುಗಿಸಿದ ಮೇಲೇ ತಿಂಡಿ. ಗೆದ್ದ ದಿನ ಅವರು ಅಪ್ಪ, ಸೋತ ದಿನ ಊಟದ ತಟ್ಟೆ ಮುಂದೆಯೂ ಮಾಸ್ತರು. ಜಿಲ್ಲಾ ಮಟ್ಟದಲ್ಲಿ ಒಂದು ಸಲ ನಾನು ಕೊನೆಯ ಫ್ರೀ ಥ್ರೋ, ಅಂದರೆ ಫೌಲ್ ಆದಾಗ ಸಿಗುವ ಎಸೆತ, ತಪ್ಪಿಸಿದೆ. ಬಸ್ಸಿನಲ್ಲಿ ಮೂರು ಗಂಟೆ ನಮ್ಮಿಬ್ಬರ ನಡುವೆ ಒಂದು ಮಾತಿಲ್ಲ.

ಪೀಟ್ ಕತೆ ಓದುವಾಗ ಕಾರಿನ ಆ ದೃಶ್ಯ ಎಲ್ಲರಿಗೂ ತಮಾಷೆ. ನನಗೆ ಕಾರಿನೊಳಗಿನ ಮಾತು ಏನಿರಬಹುದು ಅನ್ನೋದೇ ಯೋಚನೆ. ಈಗ ನಮ್ಮಪ್ಪನಿಗೆ 74. ಫೋನ್ ಮಾಡಿದರೆ ಇವತ್ತಿಗೂ ಮೊದಲ ಪ್ರಶ್ನೆ "ಎಡಗೈ ಹೇಗಿದೆ?". ನಾನು ಆಟ ಬಿಟ್ಟು ಇಪ್ಪತ್ತು ವರ್ಷ ಆಯಿತು.

ಮೂರನೇ_ಗೆರೆ

@ದಾವಣಗೆರೆ_ಡ್ರಿಬಲ್ ನಕ್ಕೆ, ಆಮೇಲೆ ನಗಬಾರದಿತ್ತು ಅನ್ನಿಸಿತು.

ಆದರೂ ನನ್ನ ಪ್ರಶ್ನೆಗೆ ಉತ್ತರ ಬಂದಿಲ್ಲ. ಮೂರು ವರ್ಷದಲ್ಲಿ ಆ ತಂಡ ಗೆದ್ದದ್ದು 49, ಸೋತದ್ದು 35. ರಾಷ್ಟ್ರಮಟ್ಟದ ದೊಡ್ಡ ಟೂರ್ನಿಗೆ ಒಂದು ಸಲವೂ ಹೋಗಲಿಲ್ಲ. 1970ರ ಫೆಬ್ರವರಿ 7ರಂದು ಅಲಬಾಮಾ ವಿರುದ್ಧ ಪೀಟ್ ಒಬ್ಬನೇ 69 ಹೊಡೆದ. ಫಲಿತಾಂಶ ಗೊತ್ತಾ? 106–104, ಸೋಲು. ಒಬ್ಬ 69 ಹೊಡೆದೂ ತಂಡ ಎರಡು ಪಾಯಿಂಟ್‌ನಿಂದ ಸೋತರೆ, ಆ 69ರಲ್ಲಿ ಏನೋ ತಪ್ಪಿದೆ ಅಲ್ವಾ?

ನಿವೃತ್ತ_ರೆಫ್ರಿ

ತಪ್ಪಿದೆ ಅಂತಲೇ ಇಟ್ಟುಕೊಳ್ಳೋಣ. ಆದರೆ ಪೀಟ್ ಮುಖ್ಯ ತಂಡಕ್ಕೆ ಬರುವ ಮುಂಚಿನ ವರ್ಷ ಆ ತಂಡ ಹೇಗಿತ್ತು ನೋಡು. 3 ಗೆಲುವು, 23 ಸೋಲು. ಲೂಯಿಸಿಯಾನಾ ಅಂದರೆ ಅಮೆರಿಕನ್ ಫುಟ್‌ಬಾಲ್ ನಾಡು. ಬ್ಯಾಸ್ಕೆಟ್‌ಬಾಲ್ ನಡೆಯುತ್ತಿದ್ದದ್ದು ಕೃಷಿ ವಿಭಾಗದ ಕಟ್ಟಡದಲ್ಲಿ. ಅಲ್ಲೇ ಜಾನುವಾರು ಪ್ರದರ್ಶನ, ಅಲ್ಲೇ ರೋಡಿಯೊ. ಜನ ಅದನ್ನು "ಹಸುವಿನ ಅರಮನೆ" ಅಂತಲೇ ಕರೆಯುತ್ತಿದ್ದರು. ಮೊದಲ ವರ್ಷ ಜನ ಹೊಸಬರ ಪಂದ್ಯದಲ್ಲಿ ಪೀಟ್‌ನನ್ನು ನೋಡಿ, ಮುಖ್ಯ ತಂಡದ ಪಂದ್ಯ ಶುರುವಾಗುವ ಹೊತ್ತಿಗೆ ಎದ್ದು ಮನೆಗೆ ಹೋಗುತ್ತಿದ್ದರಂತೆ.

ಮೂರನೇ ವರ್ಷ 22 ಗೆಲುವು, 10 ಸೋಲು. ನ್ಯೂಯಾರ್ಕ್‌ನ ಎನ್‌ಐಟಿ ಟೂರ್ನಿಗೆ ಕರೆ ಬಂತು, ನೀನು ಹೇಳಿದ ದೊಡ್ಡ ಟೂರ್ನಿಗಿಂತ ಒಂದು ಮೆಟ್ಟಿಲು ಕೆಳಗಿನದು. ಸೆಮಿಫೈನಲ್‌ನಲ್ಲಿ ಮಾರ್ಕೆಟ್ ಯೂನಿವರ್ಸಿಟಿ ವಿರುದ್ಧ ಸೋತರು. ಮೂರನೇ ಸ್ಥಾನದ ಪಂದ್ಯಕ್ಕೆ ಪೀಟ್ ಗಾಯದಿಂದ ಇಳಿಯಲಿಲ್ಲ. ಎದುರಾಳಿ ಆರ್ಮಿ, ಅಂದರೆ ಸೇನಾ ಅಕಾಡೆಮಿಯ ತಂಡ, ಅದರ ಕೋಚ್ ಬಾಬ್ ನೈಟ್. ಅದನ್ನೂ ಸೋತರು. ಪೀಟ್‌ನ ಕಾಲೇಜು ಆಟ ಮುಗಿದದ್ದು ಹೀಗೆ, ಬೆಂಚಿನ ಮೇಲೆ.

ಅಂದ ಹಾಗೆ, ಆಗ ಕಾಲೇಜಿನಲ್ಲಿ ಶಾಟ್ ಕ್ಲಾಕ್ ಕೂಡ ಇರಲಿಲ್ಲ. ಎದುರಾಳಿ ಬೇಕಾದರೆ ಚೆಂಡು ಹಿಡಿದು ನಿಮಿಷಗಟ್ಟಲೆ ಸಮಯ ತಿನ್ನಬಹುದಿತ್ತು. ಅದನ್ನೂ ಲೆಕ್ಕಕ್ಕೆ ತಗೋ.

ನಾನು ರೆಫ್ರಿಯಾಗಿ ಒಂದು ಮಾತು ಹೇಳಬೇಕು. ಅವನ ಹಳೆಯ ಕಪ್ಪುಬಿಳುಪು ವಿಡಿಯೋ ನೋಡುವಾಗ ಪಾಯಿಂಟ್ ಎಣಿಸಬೇಡ. ಪಾಸ್ ನೋಡು. ಮೂವರು ಓಡುತ್ತಿದ್ದಾರೆ, ಎದುರಿಗೆ ಒಬ್ಬ. ಪೀಟ್ ಎಡಕ್ಕೆ ನೋಡುತ್ತಾನೆ, ಭುಜವೂ ಎಡಕ್ಕೆ ತಿರುಗುತ್ತದೆ, ಕೈ ಚೆಂಡಿನ ಮೇಲೆ ಹಾದುಹೋಗುತ್ತದೆ, ಚೆಂಡು ಮಾತ್ರ ಬಲಕ್ಕೆ ಹೋಗಿ ಗೆಳೆಯನ ಕೈ ಸೇರಿದೆ. ಎಷ್ಟೋ ಸಲ ಆ ಗೆಳೆಯನಿಗೇ ಗೊತ್ತಿಲ್ಲ, ಚೆಂಡು ಮುಖಕ್ಕೆ ಬಡಿಯುತ್ತದೆ. ಇವತ್ತು ಹತ್ತನೇ ಕ್ಲಾಸಿನ ಹುಡುಗರೂ ಕಾಲ ನಡುವೆ ಡ್ರಿಬಲ್ ಮಾಡುತ್ತಾರೆ. ಆಗ ಅದನ್ನು ಸರ್ಕಸ್ ಅಂತ ಬೈಯುತ್ತಿದ್ದರು.

ಪಾಯಿಂಟ್‌ಗಾರ್ಡ್_ಪದ್ಮ

ಇದು ಒಪ್ಪಿದೆ. ಕ್ಲಾರ್ಕ್ ಬಗ್ಗೆಯೂ ನಾನು ಇದನ್ನೇ ಹೇಳುತ್ತಿರುತ್ತೇನೆ, ಅವಳ ಪಾಸ್ ನೋಡಿ ಅಂತ. ವೃತ್ತಿಪರ ಆಟಕ್ಕೆ ಕಾಲಿಟ್ಟ ಮೊದಲ ವರ್ಷವೇ ಇಂಡಿಯಾನಾ ಪರ ಒಂದೇ ಪಂದ್ಯದಲ್ಲಿ 19 ಅಸಿಸ್ಟ್, ಅಂದರೆ ಜೊತೆಗಾರರಿಗೆ ಬುಟ್ಟಿ ತಂದುಕೊಟ್ಟ ಪಾಸ್. ಅದು ಲೀಗಿನ ದಾಖಲೆ. ಆದರೆ ಪೇಪರಿನವರಿಗೆ ಬೇಕಾಗಿರೋದು ಪಾಯಿಂಟು ಮಾತ್ರ.

ಅಟ್ಲಾಂಟಾ_ಕನ್ನಡಿಗ

ಇಷ್ಟು ಹೊತ್ತು ಬರೀ ಕಾಲೇಜು ಆಯಿತು. ನಮ್ಮೂರಿಗೆ ಬಂದ ಮೇಲೆ ಏನಾಯಿತು ಅಂತ ನಾನು ಹೇಳುತ್ತೇನೆ. ನಮ್ಮೂರು ಅಂದರೆ ಅಟ್ಲಾಂಟಾ. ಹುಟ್ಟಿದ್ದು ಹಾಸನ, ಹದಿನೆಂಟು ವರ್ಷದಿಂದ ಇಲ್ಲಿ.

ವೃತ್ತಿಪರ ಲೀಗ್ ಎನ್‌ಬಿಎಯ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವುದಕ್ಕೆ ಡ್ರಾಫ್ಟ್ ಅಂತಾರೆ. 1970ರ ಡ್ರಾಫ್ಟ್‌ನಲ್ಲಿ ಇಲ್ಲಿನ ತಂಡ ಹಾಕ್ಸ್ ಪೀಟ್‌ನನ್ನು ಮೂರನೆಯವನಾಗಿ ಆರಿಸಿತು. ಮೊದಲು ಬಾಬ್ ಲೇನಿಯರ್, ಎರಡನೆಯದು ರೂಡಿ ಟೊಮ್ಜಾನೊವಿಚ್. ಪೀಟ್‌ಗೆ ಕೊಟ್ಟದ್ದು ಸುಮಾರು 19 ಲಕ್ಷ ಡಾಲರ್ ಒಪ್ಪಂದ. ಆಗಿನ ಕಾಲಕ್ಕೆ ಯಾರೂ ಕೇಳಿರದ ಮೊತ್ತ.

ಈಗ ಆ ಡ್ರೆಸಿಂಗ್ ರೂಮಿನಲ್ಲಿ ನಿಂತು ಯೋಚಿಸಿ. ಹಿಂದಿನ ವರ್ಷ 48 ಪಂದ್ಯ ಗೆದ್ದ ತಂಡ ಅದು. ಲೂ ಹಡ್ಸನ್, ವಾಲ್ಟ್ ಬೆಲಮಿ, ಬಿಲ್ ಬ್ರಿಜಸ್, ಎಲ್ಲ ಅನುಭವಿಗಳು. ಹೆಚ್ಚಿನವರು ಕಪ್ಪು ಆಟಗಾರರು. ವರ್ಷಗಟ್ಟಲೆ ಬೆವರು ಸುರಿಸಿದ್ದಾರೆ, ಸಂಬಳ ಅದರ ಹತ್ತಿರಕ್ಕೂ ಇಲ್ಲ. ಅಲ್ಲಿಗೆ ಇನ್ನೂ ಒಂದು ಪಂದ್ಯ ಆಡಿರದ ಬಿಳಿ ಹುಡುಗ ಬರುತ್ತಾನೆ, ಜಾಹೀರಾತಿನಲ್ಲೆಲ್ಲ ಅವನದ್ದೇ ಮುಖ. ಜೋ ಕಾಲ್ಡ್‌ವೆಲ್ ನನಗೂ ಅಷ್ಟು ಕೊಡಿ ಅಂತ ಕೇಳಿ, ಸಿಗದೆ, ಎದುರಾಳಿ ಲೀಗಿಗೆ ಹೋದ. ಪೀಟ್‌ನ ಮೊದಲ ವರ್ಷ ತಂಡ 36 ಗೆದ್ದು 46 ಸೋತಿತು.

ಇದರಲ್ಲಿ ಪೀಟ್‌ನ ತಪ್ಪು ಎಷ್ಟು? ನನ್ನ ಪ್ರಕಾರ ಕಮ್ಮಿ. ಕೊಟ್ಟ ದುಡ್ಡನ್ನು ಯಾರು ಬೇಡ ಅಂತಾರೆ? ಆದರೆ ಉಳಿದವರ ಸಿಟ್ಟೂ ಸುಳ್ಳಲ್ಲ. ಟಿಕೆಟ್ ಮಾರಬೇಕು ಅಂತ ಮಾಲೀಕರು ಮಾಡಿದ ಲೆಕ್ಕ ಅದು, ಹೊಡೆತ ಬಿದ್ದದ್ದು ಆಟಗಾರರ ನಡುವೆ.

ನಾಲ್ಕು ವರ್ಷ ಇಲ್ಲಿದ್ದ. 1972–73ರಲ್ಲಿ ಅವನೂ ಹಡ್ಸನ್ನೂ ಇಬ್ಬರೂ 2,000 ಪಾಯಿಂಟ್ ದಾಟಿದರು. ಮುಂದಿನ ವರ್ಷ ಪಂದ್ಯಕ್ಕೆ 27.7 ಹೊಡೆದು ಲೀಗಿನಲ್ಲಿ ಎರಡನೆಯವನಾದ. ಆ ಬೇಸಿಗೆಯಲ್ಲೇ ಮಾರಿಬಿಟ್ಟರು. ಅವನ 44ನೇ ನಂಬರ್ ಜೆರ್ಸಿಯನ್ನು ಹಾಕ್ಸ್ ಗೌರವದಿಂದ ಮೇಲಕ್ಕೆ ಏರಿಸಿದ್ದು 2017ರಲ್ಲಿ. ನಲವತ್ತಮೂರು ವರ್ಷ ಬೇಕಾಯಿತು.

ಸುಮ್ನೆ_ಓದ್ತೀನಿ

ಎಲ್ಲಿಗೆ ಮಾರಿದರು?

ಬೇಸ್‌ಲೈನ್_ಭಟ್ಟ

ಇದು ನನಗೆ ಬಿಡಿ, ನನ್ನ ನೆಚ್ಚಿನ ಭಾಗ.

ನ್ಯೂ ಆರ್ಲಿಯನ್ಸ್‌ನಲ್ಲಿ ಜಾಝ್ ಅನ್ನೋ ಹೊಸ ತಂಡ ಶುರುವಾಗುತ್ತಿತ್ತು. ಲೂಯಿಸಿಯಾನಾದ ಹೀರೋ ಬೇಕೇ ಬೇಕು ಅಂತ ಅವರು ಇಬ್ಬರು ಆಟಗಾರರ ಜೊತೆ ಮುಂದಿನ ವರ್ಷಗಳ ಡ್ರಾಫ್ಟ್ ಅವಕಾಶಗಳನ್ನೂ ಧಾರೆ ಎರೆದರು. ಊರಿಗೆ ಊರೇ ಕುಣಿಯಿತು. ಆದರೆ ಪೀಟ್‌ಗೆ ಪಾಸ್ ಕೊಡೋಕೆ ಪಕ್ಕದಲ್ಲಿ ಯಾರಿದ್ದಾರೆ? ಮೊದಲ ವರ್ಷ 23 ಗೆಲುವು, 59 ಸೋಲು. ಆ ಅಕ್ಟೋಬರ್‌ನಲ್ಲೇ ಅವನ ಅಮ್ಮ ತೀರಿಕೊಂಡಿದ್ದರು. ಆ ವರ್ಷ ಅವನು ಹೇಗೆ ಆಡಿದ ಅನ್ನೋದೇ ನನಗೆ ಆಶ್ಚರ್ಯ.

ಆಮೇಲೆ 1976–77. ಪಂದ್ಯಕ್ಕೆ 31.1, ಲೀಗಿಗೇ ಮೊದಲು. 1977ರ ಫೆಬ್ರವರಿ 25, ಎದುರಿಗೆ ನ್ಯೂಯಾರ್ಕ್ ನಿಕ್ಸ್. ತಡೆಯೋಕೆ ನಿಂತವರಲ್ಲಿ ವಾಲ್ಟ್ ಫ್ರೇಜರ್ ಕೂಡ ಇದ್ದ, ಆ ಕಾಲದ ದೊಡ್ಡ ಡಿಫೆಂಡರ್. ಪೀಟ್ 43 ಎಸೆತದಲ್ಲಿ 26 ಹಾಕಿದ, 19 ಫ್ರೀ ಥ್ರೋದಲ್ಲಿ 16. ಒಟ್ಟು 68! ಅಲ್ಲಿಯವರೆಗೆ ಯಾವ ಗಾರ್ಡ್ ಕೂಡ (ಚೆಂಡು ಹಿಡಿದು ಆಟ ನಡೆಸುವ ಹಿಂದಿನ ಸಾಲಿನ ಆಟಗಾರ) ಅಷ್ಟು ಹೊಡೆದಿರಲಿಲ್ಲ. ಅವನಿಗಿಂತ ಮೇಲಿದ್ದವರು ವಿಲ್ಟ್ ಚೇಂಬರ್ಲಿನ್ ಮತ್ತು ಎಲ್ಜಿನ್ ಬೇಲರ್ ಇಬ್ಬರೇ. ಪಂದ್ಯ ಮುಗಿಯುವ ಮುಂಚೆಯೇ ಆರನೇ ಫೌಲ್ ಬಿದ್ದು ಹೊರಗೆ ಹೋದ, ಇಲ್ಲದಿದ್ದರೆ 70 ದಾಟುತ್ತಿತ್ತು. ಮೂರನೇ_ಗೆರೆ ಅವರೇ, ಈ ಸಲ ತಂಡ ಗೆದ್ದಿದೆ. 124–107.

ಅದೇ ಹೊತ್ತಿನ ಇನ್ನೊಂದು ಕತೆ, ಸ್ವಲ್ಪ ದಾರಿ ತಪ್ಪಿ ಹೇಳುತ್ತೇನೆ. ಪೀಟ್‌ಗೆ ಜೊತೆಗಾರ ಬೇಕು ಅಂತ ಜಾಝ್ ತಂಡ ಗೇಲ್ ಗುಡ್ರಿಚ್‌ನನ್ನು ಲೇಕರ್ಸ್‌ನಿಂದ ತಂದಿತು. ಅದಕ್ಕೆ ಬದಲಾಗಿ ಕೊಟ್ಟ ಡ್ರಾಫ್ಟ್ ಅವಕಾಶಗಳಲ್ಲಿ ಒಂದು 1979ರಲ್ಲಿ ಮೊದಲ ಸ್ಥಾನಕ್ಕೆ ಬಂತು. ಲೇಕರ್ಸ್ ಅದರಲ್ಲಿ ಆರಿಸಿದ್ದು ಮ್ಯಾಜಿಕ್ ಜಾನ್ಸನ್‌ನನ್ನು. ಪೀಟ್ ಮಾಡಿದಾಗ ಸರ್ಕಸ್ ಅನ್ನಿಸಿದ್ದ ಪಾಸ್‌ಗಳನ್ನೇ ಮ್ಯಾಜಿಕ್ ಲಾಸ್ ಏಂಜಲೀಸ್‌ನಲ್ಲಿ ಮಾಡಿ ಐದು ಚಾಂಪಿಯನ್‌ಶಿಪ್ ಗೆದ್ದ.

ಮೂರನೇ_ಗೆರೆ

ಒಪ್ಪಿದೆ, 68 ದೊಡ್ಡದೇ. ನ್ಯೂ ಆರ್ಲಿಯನ್ಸ್‌ನಲ್ಲಿ ಇದ್ದಷ್ಟು ಕಾಲ ಪ್ಲೇಆಫ್‌ಗೆ, ಅಂದರೆ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಕೊನೆಯ ಸುತ್ತುಗಳಿಗೆ, ಒಂದು ಸಲವೂ ಹೋಗಲಿಲ್ಲ ಅನ್ನೋದನ್ನು ಮಾತ್ರ ಬರೆದಿಟ್ಟುಕೊಳ್ಳಿ.

ನಿವೃತ್ತ_ರೆಫ್ರಿ

ಹೋಗುವ ಸಾಧ್ಯತೆ ಇದ್ದ ವರ್ಷ ಮಂಡಿ ಹೋಯಿತಪ್ಪ.

1978, ಬಫಲೋ ಊರಿನ ತಂಡದ ವಿರುದ್ಧ ಪಂದ್ಯ. ತಂಡ ಆರಾಮಾಗಿ ಮುಂದಿತ್ತು. ಪೀಟ್ ಗಾಳಿಯಲ್ಲಿ ಹಾರಿ, ಕಾಲುಗಳ ನಡುವಿನಿಂದ ಉದ್ದದ ಪಾಸ್ ಒಂದನ್ನು ಎಸೆದ. ಪಾಸ್ ಸರಿಯಾಗಿ ತಲುಪಿತು. ಕೆಳಗೆ ಇಳಿಯುವಾಗ ಬಲ ಮಂಡಿ ತಿರುಚಿತು. ಅಲ್ಲಿಂದ ಮುಂದೆ ಅವನು ಮೊದಲಿನ ಪೀಟ್ ಆಗಲೇ ಇಲ್ಲ.

ದಿನಾಂಕ ನೋಡಿದ್ದೀರಾ? ಜನವರಿ 31. ಎಂಟು ವರ್ಷ ಹಿಂದೆ ಆಸ್ಕರ್ ರಾಬರ್ಟ್‌ಸನ್ ದಾಖಲೆ ಮುರಿದದ್ದೂ ಜನವರಿ 31. ನಮ್ಮ ಮನೆಯಾಕೆ ಆಗಿದ್ದರೆ ಪಂಚಾಂಗ ತೆಗೆಯುತ್ತಿದ್ದಳು.

ದಾವಣಗೆರೆ_ಡ್ರಿಬಲ್

ಆ ಪಾಸ್ ಬೇಕಿತ್ತಾ ಸರ್? ತಂಡ ಮುಂದಿತ್ತು ಅಂತ ನೀವೇ ಹೇಳುತ್ತೀರಿ. ಎದೆಯ ಮುಂದಿನಿಂದ ಸಾದಾ ಪಾಸ್ ಕೊಟ್ಟಿದ್ದರೆ ಆಗುತ್ತಿರಲಿಲ್ಲವಾ?

ನಿವೃತ್ತ_ರೆಫ್ರಿ

ಆಗುತ್ತಿತ್ತು. ಆದರೆ ಏಳು ವರ್ಷದ ಹುಡುಗನ ಕೈಗೆ ಚೆಂಡು ಕೊಟ್ಟು ದಿನಕ್ಕೆ ಎಷ್ಟೋ ಗಂಟೆ ಅದನ್ನೇ ಕಲಿಸಿದ್ದಾರಲ್ಲ. ನಿನ್ನ ಎಡಗೈ ಇವತ್ತಿಗೂ ಸುಮ್ಮನಿರುತ್ತದಾ?

ದಾವಣಗೆರೆ_ಡ್ರಿಬಲ್

ಇಲ್ಲ ಸರ್. ಮಗಳ ಬಾಲ್ ಕಂಡರೂ ಮೊದಲು ಎಡಗೈಯೇ ಹೋಗುತ್ತದೆ.

ಅಟ್ಲಾಂಟಾ_ಕನ್ನಡಿಗ

1979ರಲ್ಲಿ ಜಾಝ್ ತಂಡ ಯೂಟಾದ ಸಾಲ್ಟ್ ಲೇಕ್ ಸಿಟಿಗೆ ಹೋಯಿತು. ಜಾಝ್ ಸಂಗೀತಕ್ಕೂ ಆ ಊರಿಗೂ ಏನು ಸಂಬಂಧ ಅಂತ ಇವತ್ತಿಗೂ ಇಲ್ಲಿ ಜೋಕ್ ಇದೆ. ಅಲ್ಲಿ ಪೀಟ್‌ನನ್ನು ಬೆಂಚಿನ ಮೇಲೆ ಕೂರಿಸಿ, 1980ರ ಜನವರಿಯಲ್ಲಿ ಬಿಟ್ಟೇಬಿಟ್ಟರು. ಬಾಸ್ಟನ್ ಸೆಲ್ಟಿಕ್ಸ್ ಕರೆದುಕೊಂಡಿತು. ಲ್ಯಾರಿ ಬರ್ಡ್‌ಗೆ ಅದು ಮೊದಲ ವರ್ಷ. ಫಿಲಡೆಲ್ಫಿಯಾ ವಿರುದ್ಧ ಸೆಮಿಯಂಥ ಹಂತದಲ್ಲಿ ಸೋತರು. ಆ ಶರತ್ಕಾಲದಲ್ಲಿ ಪೀಟ್ ಆಟ ಬಿಟ್ಟ. ಮುಂದಿನ ಬೇಸಿಗೆ ಸೆಲ್ಟಿಕ್ಸ್ ಚಾಂಪಿಯನ್!

ಹತ್ತು ವರ್ಷ, 658 ಪಂದ್ಯ, 15,948 ಪಾಯಿಂಟ್, ಸರಾಸರಿ 24.2. ಚಾಂಪಿಯನ್ನರಿಗೆ ಕೊಡುವ ಉಂಗುರ ಒಂದೂ ಇಲ್ಲ.

ಪಾಯಿಂಟ್‌ಗಾರ್ಡ್_ಪದ್ಮ

ಅಯ್ಯೋ. ಇನ್ನೊಂದು ವರ್ಷ ಇರಬಾರದಿತ್ತಾ.

ಆಟ ಬಿಟ್ಟ ಮೇಲೆ ಏನು ಮಾಡಿದ? ನಮ್ಮ ಯೋಗದ ಕಡೆ ಬಂದಿದ್ದ ಅಂತ ಎಲ್ಲೋ ಓದಿದ ನೆನಪು.

ನಿವೃತ್ತ_ರೆಫ್ರಿ

ನಿಜ. ಎರಡು ವರ್ಷ ಮನೆಯಿಂದ ಹೊರಗೆ ಬಂದದ್ದೇ ಕಮ್ಮಿ. ಯೋಗ, ಹಿಂದೂ ಧರ್ಮದ ಓದು, ಮಾಂಸ ಬಿಟ್ಟು ಬರೀ ಕಾಳು ಸೊಪ್ಪಿನ ಊಟ, ಹಾರುವ ತಟ್ಟೆಗಳ ಹುಚ್ಚು, ಎಲ್ಲ ಆಯಿತು. ಹಾರುವ ತಟ್ಟೆಯವರು ಬಂದು ಕರೆದುಕೊಂಡು ಹೋಗಲಿ ಅಂತ ಮನೆಯ ಚಾವಣಿ ಮೇಲೆ ಬರೆದಿದ್ದನಂತೆ. ಕುಡಿತವಂತೂ ಕಾಲೇಜು ದಿನಗಳಿಂದಲೇ ಹಿಂದೆ ಬಿದ್ದಿತ್ತು. ಕೊನೆಗೆ 1982ರಲ್ಲಿ ಕ್ರೈಸ್ತ ನಂಬಿಕೆಗೆ ಬಂದ. ಅಲ್ಲಿ ಅವನಿಗೆ ನೆಮ್ಮದಿ ಸಿಕ್ಕಿತು. ಕುಡಿತ ಬಿಟ್ಟ, ಮಕ್ಕಳಿಗೆ ಶಿಬಿರ ನಡೆಸಿದ, ಅಪ್ಪನ ಅಭ್ಯಾಸಗಳನ್ನೇ ಅವರಿಗೆ ಹೇಳಿಕೊಟ್ಟ.

ಅಪ್ಪನಿಗೆ ಕ್ಯಾನ್ಸರ್ ಬಂದಾಗ ಪಕ್ಕದಲ್ಲೇ ಇದ್ದು ನೋಡಿಕೊಂಡ. ಪ್ರೆಸ್ ತೀರಿಕೊಂಡದ್ದು 1987ರ ಏಪ್ರಿಲ್‌ನಲ್ಲಿ. ಪೀಟ್‌ನನ್ನು ಬ್ಯಾಸ್ಕೆಟ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಸೇರಿಸಿದ ಸಮಾರಂಭ ಮೇ ತಿಂಗಳಲ್ಲಿ.

ದಾವಣಗೆರೆ_ಡ್ರಿಬಲ್

ಕೆಲವೇ ವಾರ. ಮಗನನ್ನು ಆ ವೇದಿಕೆ ಮೇಲೆ ನೋಡಲೆಂದೇ ಬದುಕಿದ ಮನುಷ್ಯ.

ಸುಮ್ನೆ_ಓದ್ತೀನಿ

ಈಗ ಪೀಟ್ ಎಲ್ಲಿದ್ದಾನೆ?

ಅಟ್ಲಾಂಟಾ_ಕನ್ನಡಿಗ

ಇಲ್ಲ ಕಣಪ್ಪ. 1988ರ ಜನವರಿ 5. ಕ್ಯಾಲಿಫೋರ್ನಿಯಾದ ಪಾಸಡೀನಾದಲ್ಲಿ ಒಂದು ಚರ್ಚಿನ ಜಿಮ್. ರೇಡಿಯೋ ಕಾರ್ಯಕ್ರಮಕ್ಕೆ ಅಂತ ಹೋಗಿದ್ದವನು ಬೆಳಿಗ್ಗೆ ಕೆಲವರ ಜೊತೆ ಸುಮ್ನೆ ಆಡಲು ಇಳಿದ. ಆಟದ ನಡುವೆ ಯಾರೋ ಹೇಗಿದ್ದೀರಿ ಅಂತ ಕೇಳಿದರು. ತುಂಬಾ ಚೆನ್ನಾಗಿದ್ದೇನೆ ಅಂದ. ಮರುಕ್ಷಣ ಕುಸಿದ. 40 ವರ್ಷ.

ಆಮೇಲೆ ಗೊತ್ತಾದದ್ದು ಅದಕ್ಕಿಂತ ದೊಡ್ಡದು. ಹೃದಯದ ಮಾಂಸಕ್ಕೆ ರಕ್ತ ಕೊಡಲು ಎಡಕ್ಕೆ ಒಂದು, ಬಲಕ್ಕೆ ಒಂದು ಮುಖ್ಯ ರಕ್ತನಾಳ ಇರುತ್ತವೆ. ಪೀಟ್‌ಗೆ ಹುಟ್ಟಿನಿಂದಲೇ ಎಡದ್ದು ಇರಲಿಲ್ಲ. ದೇಹಕ್ಕೆಲ್ಲ ರಕ್ತ ತಳ್ಳುವ ಎಡಭಾಗಕ್ಕೆ ಹೆಚ್ಚಿನ ಪಾಲು ಹೋಗುವುದೇ ಅದರಿಂದ. ಬಲದ ನಾಳವೇ ದಪ್ಪವಾಗಿ ಎರಡರ ಕೆಲಸವನ್ನೂ ಮಾಡುತ್ತಿತ್ತು. ಅಂಥ ಹೃದಯ ಇಟ್ಟುಕೊಂಡು ಅವನು ಹತ್ತು ವರ್ಷ ಎನ್‌ಬಿಎ ಆಡಿದ.

ಇನ್ನೊಂದಿದೆ, ಹೇಳಲೋ ಬೇಡವೋ. 1974ರಲ್ಲಿ ಒಬ್ಬ ಪತ್ರಕರ್ತನ ಹತ್ತಿರ ಪೀಟ್ ಹೇಳಿದ್ದ: ಹತ್ತು ವರ್ಷ ಎನ್‌ಬಿಎ ಆಡಿ ನಲವತ್ತಕ್ಕೆ ಹೃದಯಾಘಾತದಿಂದ ಸಾಯೋಕೆ ನನಗೆ ಇಷ್ಟ ಇಲ್ಲ ಅಂತ.

ಸುಮ್ನೆ_ಓದ್ತೀನಿ

...

ಮೂರನೇ_ಗೆರೆ

ಇದು ಗೊತ್ತಿರಲಿಲ್ಲ. 38 ಎಸೆತದ ಲೆಕ್ಕ ಹಾಕಿ ಕೂತಿದ್ದೆ. ಎಸೆತಗಳ ನಡುವೆ ಇದ್ದ ಓಟ ಎಷ್ಟು ಅಂತ ಯೋಚಿಸಿರಲಿಲ್ಲ.

ಲೆಕ್ಕ ಮಾತ್ರ ಹಿಂದಕ್ಕೆ ತಗೊಳ್ಳಲ್ಲ. ಎಸೆದದ್ದರಲ್ಲಿ ಬಿದ್ದದ್ದು ಶೇಕಡಾ 43.8, ಅದು ಶೇಕಡಾ 43.8 ಆಗಿಯೇ ಇರುತ್ತದೆ.

ಅಟ್ಲಾಂಟಾ_ಕನ್ನಡಿಗ

ಕಳೆದ ವರ್ಷ ಕೆಲಸದ ಮೇಲೆ ಬ್ಯಾಟನ್ ರೂಜ್‌ಗೆ ಹೋಗಿದ್ದೆ. ಆ ಕಾಲೇಜಿನ ಈಗಿನ ಒಳಾಂಗಣ ಕ್ರೀಡಾಂಗಣಕ್ಕೆ 1988ರಿಂದ ಅವನದ್ದೇ ಹೆಸರು. ತಮಾಷೆ ಅಂದರೆ ಆ ಕಟ್ಟಡದಲ್ಲಿ ಅವನು ಕಾಲೇಜು ಪರ ಒಂದು ಪಂದ್ಯವೂ ಆಡಿಲ್ಲ. ಅದು ತೆರೆದದ್ದು ಅವನು ಹೋದ ಮೇಲೆ. ಅವನು ಸೆಳೆದ ಜನಕ್ಕೆ ಹಸುವಿನ ಅರಮನೆ ಸಾಲದೆ ಕಟ್ಟಿದ್ದು ಅಂತ ಅಲ್ಲಿನವರು ಹೇಳುತ್ತಾರೆ. ಹೊರಗೆ ಪ್ರತಿಮೆ ಇದೆ, 2022ರಲ್ಲಿ ನಿಲ್ಲಿಸಿದ್ದು.

ಪಾಯಿಂಟ್‌ಗಾರ್ಡ್_ಪದ್ಮ

ಮೂರನೇ_ಗೆರೆ ಅವರಿಗೆ ಒಂದು ಲೆಕ್ಕ ನನ್ನ ಕಡೆಯಿಂದ. ಎನ್‌ಬಿಎಗೆ ಮೂರು ಪಾಯಿಂಟ್ ಗೆರೆ ಬಂದದ್ದು 1979–80ರಲ್ಲಿ. ಅದು ಪೀಟ್‌ನ ಕೊನೆಯ ವರ್ಷ. ಮಂಡಿ ಹೋಗಿತ್ತು, ಹೆಚ್ಚಿನ ಹೊತ್ತು ಬೆಂಚು. ಇಡೀ ವರ್ಷ ಗೆರೆಯ ಹೊರಗಿನಿಂದ ಎಸೆದದ್ದು 15 ಸಲ. ಬಿದ್ದದ್ದು 10.

ಮೂರನೇ_ಗೆರೆ

15ಕ್ಕೆ 10??

ಹೆಸರು ಬದಲಾಯಿಸಿಕೊಳ್ಳಬೇಕು ಅನ್ನಿಸುತ್ತಿದೆ.

ಸುಮ್ನೆ_ಓದ್ತೀನಿ

ನಿನ್ನೆ ಇದನ್ನೆಲ್ಲ ಓದಿ, ಇವತ್ತು ಬೆಳಿಗ್ಗೆ ಸೈಕಲ್ ಮೇಲೆ ಡ್ರಿಬಲ್ ಮಾಡಿ ನೋಡಿದೆ. ನಾಲ್ಕು ಸಲ ಪುಟಿಯಿತು. ಐದನೇ ಸಲ ಚೆಂಡು ಮುಂದಿನ ಚಕ್ರಕ್ಕೆ ಸಿಕ್ಕಿತು. ಮೊಣಕೈ ತರಚಿದೆ. ಚೆಂಡು ಪಕ್ಕದ ಮನೆ ಕಾಂಪೌಂಡಿನಲ್ಲಿದೆ, ಅಲ್ಲಿ ನಾಯಿ ಇದೆ.

ದಾವಣಗೆರೆ_ಡ್ರಿಬಲ್

ಮೊದಲು ನಿಂತು ಕಲಿ ಮಾರಾಯ. ಎಡಗೈಯಿಂದ ಶುರು ಮಾಡು.

ಬೇಸ್‌ಲೈನ್_ಭಟ್ಟ

ತಮ್ಮನಿಗೆ ಇದೆಲ್ಲ ಓದಿಸಿದೆ. ಎರಡು ಪಟ್ಟಿ ಇದೆ, ಹಾಗಾಗಿ ಇಬ್ಬರೂ ಗೆದ್ದಿದ್ದೇವೆ ಅಂತಾನೆ. ನನ್ನ ಪ್ರಕಾರ ಇಬ್ಬರೂ ಸೋತಿದ್ದೇವೆ. ವುಡಾರ್ಡ್ ಹೆಸರು ಇಬ್ಬರಿಗೂ ಗೊತ್ತಿರಲಿಲ್ಲ. ಭಾನುವಾರದಿಂದ ನಾನು ಅವನ ಸ್ಕೂಟರ್ ತೊಳೆಯೋದು, ಅವನು ನನ್ನದು.